ಒಂದು ದಿನಕ್ಕೆಂದು ಹೋದ ಕಲಬುರಗಿ

ಮೊದಲು ನನ್ನ ಪೆದ್ದುತನ ಒಪ್ಪಿಕೊಂಡುಬಿಡುತ್ತೇನೆ. ಅಪ್ಪ ನನಗೆ ಮೋಸ ಮಾಡಿ ಕಲಬುರಗಿಯ ಕೃಷಿ ಕಾಲೇಜಿಗೆ ಸೇರಿಸಿದರು ಎಂದು ನನ್ನ ಗೆಳೆಯರು ಮಂಚೇನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡು ತಿರುಗುತ್ತಿದ್ದಾರೆ. ಅದು ನಿಜ. ಆದರೆ ಸೇರ್ಪಡೆಯ ಕಾಗದದ ಮೇಲಿರುವ ಸಹಿ ನನ್ನದೇ. ಯಾರೂ ಕೈ ಹಿಡಿದು ಹಾಕಿಸಲಿಲ್ಲ. ಕಾಲೇಜಿನ ಕ್ಯಾಂಟೀನಿನಲ್ಲಿ ಗುರುತಿಲ್ಲದ ಹುಡುಗರನ್ನು ಸುತ್ತ ಕೂರಿಸಿಕೊಂಡು, ಗೌರಿಬಿದನೂರು ಬಸ್ಸಿನ ಕಂಡಕ್ಟರು ಚಿಲ್ಲರೆಗಾಗಿ ಅಜ್ಜಿಯೊಬ್ಬಳನ್ನು ಬೈಯುವುದನ್ನು ಅಭಿನಯಿಸುತ್ತಿದ್ದೆ. ಆ ಹುಡುಗರು ನಗುತ್ತಿರಲಿಲ್ಲ. ನಗಿಸಿಯೇ ತೀರಬೇಕೆಂದು ಒದ್ದಾಡುತ್ತಿದ್ದಾಗ ಅಪ್ಪ ಬಂದು, "ಇಲ್ಲೊಂದ್ ಸೈನ್ ಹಾಕಪ್ಪ" ಎಂದರು. ಓದದೆ ಹಾಕಿದೆ. ಸಹಿಯ ಕೆಳಗೆ ಎರಡು ಗೆರೆ ಬೇರೆ ಎಳೆದೆ. ಅಪ್ಪ ಕಾಗದ ಹಿಡಿದು ಹೋದರು. ನಾನು ಕಂಡಕ್ಟರನ್ನು ಬಿಟ್ಟು ಅಜ್ಜಿಯ ದನಿಗೆ ಇಳಿದೆ.

ಅಜ್ಜಿ ಬಸ್ಸಿಂದ ಇಳಿಯುವಷ್ಟರಲ್ಲಿ ನಾನು ಕಲಬುರಗಿಯವನಾಗಿದ್ದೆ.

ಆ ಮಧ್ಯಾಹ್ನ ಹಾಸ್ಟೆಲಿನ ಮೆಸ್ಸಿನಲ್ಲಿ ಬಡಿಸುವ ಹೆಂಗಸು ನನ್ನನ್ನು ಕೇಳಿದರು: "ತಮ್ಮಾ, ನಿನ್ ಬಲ್ಲಿ ತಾಟ್ ಅದಾ ಇಲ್ಲೋ?" ನಾನು ಅವರ ಮುಖ ನೋಡುತ್ತ ನಿಂತೆ. ಮಂಚೇನಹಳ್ಳಿಯಲ್ಲಿ ಕನ್ನಡ, ತೆಲುಗು, ಸಂತೆಗೆ ಸಾಲುವಷ್ಟು ಉರ್ದು ಮಾತಾಡಿ ಮೂರೂ ಕಡೆಯವರಿಂದ ಚಪ್ಪಾಳೆ ಗಿಟ್ಟಿಸಿದ ನಾಲಿಗೆ ನನ್ನದು. ಅದು ಬಾಯಲ್ಲೇ ಮುದುಡಿಕೊಂಡಿತು. ಅವರು ಪಕ್ಕದವರ ಕಡೆ ತಿರುಗಿ, "ಪಾಪ, ಇವಗ ಕನ್ನಡ ಬರಂಗಿಲ್ಲ ಕಾಣ್ತದ" ಎಂದರು. ಬಲ್ಲಿ ಎಂದರೆ ಹತ್ತಿರ, ತಾಟು ಎಂದರೆ ತಟ್ಟೆ ಎಂದು ಆಮೇಲೆ ತಿಳಿಯಿತು. ನನ್ನ ಬಳಿ ತಟ್ಟೆ ಇರಲಿಲ್ಲ. ಒಂದು ದಿನಕ್ಕೆಂದು ಬಂದವನು ತಟ್ಟೆ ತರುತ್ತಾನೆಯೇ?

ಇಲ್ಲಿಗೆ ಹೇಗೆ ಬಂದೆನೆಂದು ಹೇಳಬೇಕು. ನಮ್ಮಪ್ಪ ಮಂಚೇನಹಳ್ಳಿಯ ಪಕ್ಕದ ನಮ್ಮ ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಬೆಳಗ್ಗೆ ಸಂಜೆ ಹಾಲು ಅಳೆಯುತ್ತಾರೆ, ನಡುವೆ ಹೊಲ ನೋಡಿಕೊಳ್ಳುತ್ತಾರೆ. ಕೃಷಿ ಪದವಿಯಲ್ಲಿ ರೈತರ ಮಕ್ಕಳಿಗೆಂದು ಒಂದು ಪಾಲು ಸೀಟು ತೆಗೆದಿಡುತ್ತಾರೆ. ಅದಕ್ಕೆ ಬೇರೆಯೇ ಪ್ರಾಕ್ಟಿಕಲ್ ಪರೀಕ್ಷೆ. ಬೀಜ, ಗೊಬ್ಬರ, ಸಲಕರಣೆಗಳನ್ನು ಮುಂದಿಟ್ಟು ಇದೇನು, ಅದೇನು ಎನ್ನುತ್ತಾರೆ. ನಾನು ರೈತನ ಮಗ ಹೌದು. ಆದರೆ ಹೊಲದಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಬೋರ್‌ವೆಲ್ ಮೋಟಾರಿನ ಸದ್ದು ಮಾತ್ರ. ಅದನ್ನು ಬಾಯಲ್ಲಿ ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ಕರೆಂಟು ಬಂತೆಂದು ಚಿಕ್ಕಪ್ಪ ಎರಡು ಸಲ ಎದ್ದು ಓಡಿದ್ದರು.

ಅಪ್ಪ ಬಿಡಲಿಲ್ಲ. ಪಿಯುಸಿ ಪರೀಕ್ಷೆ ಮುಗಿದದ್ದೇ ಮನೆಯ ಬಟ್ಟಲುಗಳೆಲ್ಲ ಜಗುಲಿಗೆ ಬಂದವು. ಹುರುಳಿ, ಅಲಸಂದೆ, ನವಣೆ, ಸಾಮೆ, ಹುಚ್ಚೆಳ್ಳು. ಕಾಗದದ ಪೊಟ್ಟಣಗಳಲ್ಲಿ ಗೊಬ್ಬರ. ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟಿದ್ದವರನ್ನು ಬೇಡಿ ತಂದ ನಾಲ್ಕು ರೇಷ್ಮೆಗೂಡು.

"ಇದೇನಪ್ಪ?"

ನಾನು ಕೃಷಿ ಅಧಿಕಾರಿಯ ದನಿ ತೆಗೆದೆ. "ನೋಡಿ ರೈತ ಬಾಂಧವರೇ, ಇದು ಎಳ್ಳು."

"ಹುಚ್ಚೆಳ್ಳು ಕಣೋ. ಎಳ್ಳು ಇಷ್ಟುದ್ದ ಇರ್ತದಾ? ಸರಿಯಾಗ್ ನೋಡು."

"ಹುಚ್ಚು ಎಳ್ಳಿಗಲ್ಲ, ನಿಮಗೇ," ಎಂದು ಅಮ್ಮ ಒಳಗಿಂದ ಕೂಗಿದರು. "ಸಾರಿಗ್ ಹಾಕೋಕೆ ಒಂದ್ ಬಟ್ಲಿಲ್ಲ ಮನೇಲಿ!"

ಅಪ್ಪ ನಗಲಿಲ್ಲ, ಬೇಸರಪಡಲೂ ಇಲ್ಲ. ಬಟ್ಟಲುಗಳನ್ನು ಹಿಂದೆ ಮುಂದೆ ಮಾಡಿ ಮತ್ತೆ ಕೇಳಿದರು. ಕೊನೆಗೆ ಒಂದು ಮಾತು ಕೊಟ್ಟರು. "ಪ್ರಾಕ್ಟಿಕಲ್ ಒಂದು ಬರ್ದ್ಬಿಡಪ್ಪ. ಸೇರೋದು ಬಿಡೋದು ನಿನ್ನಿಷ್ಟ. ನಾನ್ ಅಡ್ಡ ಬರಲ್ಲ."

ನನ್ನಿಷ್ಟ ಬೇರೆಯಿತ್ತು. ಬೆಂಗಳೂರಿನ ಒಂದು ಕಾಲೇಜಿನಲ್ಲಿ ನಾಟಕ, ಪತ್ರಿಕೋದ್ಯಮ ಎರಡೂ ಸೇರಿದ ಪದವಿ. ಅಮ್ಮ ಈ ವಿಷಯದಲ್ಲಿ ಪೂರ್ತಿ ನನ್ನ ಕಡೆ. "ನಿನ್ ಬಾಯೇ ನಿನ್ ಬಂಡವಾಳ, ಅದನ್ನ ಹೊಲದಲ್ಲಿ ಯಾಕ್ ಬಿತ್ತೀಯ" ಎಂದಿದ್ದರು. ಸಂದರ್ಶನಕ್ಕೆ ಇಬ್ಬರೂ ಬಂದರು, ಚಿತ್ರಾನ್ನದ ಡಬ್ಬಿ ಸಮೇತ. ಹೊರಗಿನ ಬೆಂಚಿನ ಮೇಲೆ ಬೇರೆ ಅಪ್ಪ ಅಮ್ಮಂದಿರ ಜೊತೆ ಕೂತರು. ಸೆಕೆಗೆ ಬಾಗಿಲು ತೆರೆದೇ ಇಟ್ಟಿದ್ದರು. ಒಳಗೆ ಮೇಷ್ಟ್ರುಗಳು, "ನಿಮ್ಮೂರಿನ ಮೂರು ಜನರನ್ನು ಮಾಡಿ ತೋರಿಸಪ್ಪ" ಎಂದರು. ಕಂಡಕ್ಟರನ್ನು ಮಾಡಿದೆ, ಮುಗುಳ್ನಕ್ಕರು. ಹೆಡ್‌ಮಾಸ್ತರನ್ನು ಮಾಡಿದೆ, ನಕ್ಕರು. ಸೀಟು ಕೈಗೆ ಸಿಕ್ಕೂ ಸಿಗದ ಹಾಗೆ ಕಂಡಿತು. ಆಗ ಮೂರನೆಯವರನ್ನು ತೆಗೆದೆ: ಹಾಲಿನ ಡೈರಿಯ ಸೆಕ್ರೆಟರಿ. ಮೇಲಿನ ಅಧಿಕಾರಿ ಇಂಗ್ಲಿಷಿನಲ್ಲಿ ಫೋನು ಮಾಡಿದ ತಕ್ಷಣ ಎದ್ದು ನಿಂತು, ಪಂಚೆ ಇಳಿಬಿಟ್ಟು, ಕಾಣದ ಅಧಿಕಾರಿಗೆ ತಲೆಬಾಗಿಸಿ, "ಯೆಸ್ ಸಾರ್, ಮಿಲ್ಕ್ ಕಮಿಂಗ್ ಸಾರ್, ಕೌ ನಾಟ್ ಕಮಿಂಗ್ ಸಾರ್." ಒಬ್ಬ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹೊರಗಿನ ಬೆಂಚೂ ಗೊಳ್ಳೆಂದಿತು. ಸೀಟು ಅಲ್ಲೇ ಖಾತ್ರಿಯಾಯಿತು.

ಬಸ್ಸಿನಲ್ಲಿ ಅಪ್ಪ ಕೇಳಿದರು, "ಆ ಮೂರನೇದು ಭಾಳ ಚೆನ್ನಾಗಿತ್ತು ಕಣಪ್ಪ. ಯಾವೂರ್ ಸೆಕ್ರೆಟರಿ ಆತ?"

"ಯಾರೋ ವಿದುರಾಶ್ವತ್ಥದ ಕಡೆಯೋರು" ಎಂದೆ. ಅಮ್ಮ ಡಬ್ಬಿ ಬಿಚ್ಚಿ ನಮಗಿಬ್ಬರಿಗೂ ಚಿತ್ರಾನ್ನ ಕೊಟ್ಟರು.

ಅದಾದ ಮೇಲೆ ಕೃಷಿ ಸೀಟೂ ಬಂತು, ಕಲಬುರಗಿಯಲ್ಲಿ. ಬಟ್ಟಲುಗಳು ಕೆಲಸ ಮಾಡಿದ್ದವು. ಎರಡು ಕೈಯಲ್ಲಿ ಎರಡು ಸೀಟು ಹಿಡಿದು ವಾರವಿಡೀ ಊರಿನಲ್ಲಿ ಮೆರೆದೆ. ಅಪ್ಪ ಹೇಳಿದ್ದಿಷ್ಟೆ: "ಒಂದ್ಸಾರಿ ನೋಡ್ಕೊಂಡ್ ಬರಣ. ಇಷ್ಟ ಆಗ್ಲಿಲ್ಲ ಅಂದ್ರೆ ವಾಪಸ್ಸು." ನೋಡುವುದಕ್ಕೇನು ಎಂದು ಹೊರಟೆ. ಸೀಟು ಒಪ್ಪಿದ್ದೇವೆಂದು ಗೌರಿಬಿದನೂರಿನ ಸೈಬರ್ ಸೆಂಟರಿನಲ್ಲಿ ಅಪ್ಪ ಆಗಲೇ ಆನ್‌ಲೈನಿನಲ್ಲಿ ಒತ್ತಿಸಿ ಬಂದದ್ದು ನನಗೆ ಗೊತ್ತಿರಲಿಲ್ಲ. ಅಮ್ಮ ಕಟ್ಟಿಕೊಟ್ಟ ಬ್ಯಾಗು ಮಾತ್ರ ಎತ್ತಲಾರದಷ್ಟಿತ್ತು.

"ಒಂದ್ ದಿನಕ್ಕೆ ದಿಂಬು ಯಾಕಮ್ಮ?"

"ರೈಲಲ್ಲಿ ಕುತ್ತಿಗೆ ಹಿಡ್ಕಂತದೆ."

"ಉಪ್ಪಿನಕಾಯಿ?"

"ಬಾಯಿ ಕೆಟ್ಟಿರ್ತದೆ."

ಇಷ್ಟು ಕೇಳಿಯೂ ಅನುಮಾನ ಬರದವನಿಗೆ ಎರಡು ಕಾಲೇಜಿನವರು ಸೀಟು ಕೊಟ್ಟಿದ್ದರು ಎಂಬುದನ್ನು ಓದುಗರು ಗಮನಿಸಬೇಕು.

ನಮ್ಮಲ್ಲಿ ಮಾರ್ಕ್ಸ್ ಕಾರ್ಡು, ಟಿಸಿ ಯಾವ ಕಾಲೇಜಿನ ಬೀರುವಿಗೆ ಹೋಗುತ್ತವೋ ಹುಡುಗ ಆ ಕಾಲೇಜಿಗೇ ಸೇರಿದ ಹಾಗೆ. ನಾನು ಕ್ಯಾಂಟೀನಿನಲ್ಲಿ ಮೆರೆಯುತ್ತಿದ್ದಾಗ ನನ್ನ ಒರಿಜಿನಲ್‌ಗಳೆಲ್ಲ ಬೀರು ಸೇರಿದವು. ಅಪ್ಪ ಹಾಸ್ಟೆಲಿನ ಕೋಣೆಗೆ ನನ್ನನ್ನು ಬಿಟ್ಟು, ಮಂಚದ ಮೇಲೆ ದಿಂಬಿಟ್ಟು, ಮುಖ ನೋಡದೆ ಹೇಳಿದರು: "ಒಳ್ಳೇ ಕಾಲೇಜು ಕಣಪ್ಪ." ನಾನು ಬಾಯಿ ಬಿಟ್ಟೆ. ಯಾರ ದನಿಯೂ ಬರಲಿಲ್ಲ.

ಮೊದಲ ವಾರಗಳನ್ನು ಹೇಗೆ ಹೇಳಲಿ? ನಮ್ಮ ಕೆಂಪು ಮಣ್ಣು ಮಳೆ ಬಂದರೂ ಮನುಷ್ಯನನ್ನು ಅವನ ಪಾಡಿಗೆ ಬಿಡುತ್ತದೆ. ಇಲ್ಲಿಯದು ಎರೆಮಣ್ಣು, ಕಪ್ಪು. ಒಂದು ಮಳೆಗೆ ಕಾಲು ಹಿಡಿದುಕೊಂಡು ಬಿಡುವುದಿಲ್ಲ. ತೊಗರಿ ಹೊಲದ ಪಾಠಕ್ಕೆ ಹೋದ ದಿನ ಎರಡೂ ಚಪ್ಪಲಿ ಅಲ್ಲೇ ಉಳಿದವು. ನಮ್ಮಲ್ಲಿ ಮುದ್ದೆಯನ್ನು ಅಗಿಯದೆ ನುಂಗುತ್ತೇವೆ, ಮೌನದ ಊಟ. ಇಲ್ಲಿ ಖಡಕ್ ರೊಟ್ಟಿ. ಒಣಗಿಸಿಟ್ಟ ಜೋಳದ ರೊಟ್ಟಿಯನ್ನು ಇನ್ನೂರು ಹುಡುಗರು ಒಟ್ಟಿಗೆ ಮುರಿದರೆ ಮೆಸ್ಸಿನಲ್ಲಿ ಪಟಾಕಿ ಹೊಡೆದಂತಾಗುತ್ತದೆ. ಆ ಹಬ್ಬದ ಸದ್ದಿನ ನಡುವೆ ಕೂತು ಮನೆಯ ಮುದ್ದೆ, ಬಸ್ಸಾರು ನೆನೆಯುತ್ತಿದ್ದೆ.

ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಕಸುಬು ಕೈಕೊಟ್ಟದ್ದು. ರೂಮಿನ ಜೊತೆಗಾರ ಶರಣು ಆಳಂದದ ಕಡೆಯವನು, ಒಳ್ಳೆಯವನು. ಅವನಿಗೆ ನನ್ನ ಹೆಡ್‌ಮಾಸ್ತರನ್ನು ಮಾಡಿ ತೋರಿಸಿದೆ. ಗಮನವಿಟ್ಟು ನೋಡಿದ. "ಛಲೋ ಮಾಡ್ದಿ. ಖರೇ, ಯಾರಿವರು?" ಅಷ್ಟೇ. ಮಿಮಿಕ್ರಿಯವನಿಗೆ ಪರಸ್ಥಳವೆಂದರೆ ಇದು. ಇಲ್ಲಿ ನನ್ನ ಕಂಡಕ್ಟರನ್ನು ಕಂಡವರಿಲ್ಲ, ನನ್ನ ಚಿಕ್ಕಪ್ಪನ ಕೆಮ್ಮು ಕೇಳಿದವರಿಲ್ಲ. ಊರಿನ ಅಷ್ಟೂ ಜನರನ್ನು ಗಂಟಲಲ್ಲಿ ತುಂಬಿಕೊಂಡು ಬಂದಿದ್ದೆ, ಇಳಿಸಲು ಜಾಗವಿರಲಿಲ್ಲ.

ಸಣ್ಣ ಗೆಲುವುಗಳೂ ಇದ್ದವು. ಮೆಸ್ಸಿನಲ್ಲಿ ದಿನಾ ಹಾಕುವ ಕಪ್ಪು ಪುಡಿಯನ್ನು ಗುರೆಳ್ಳು ಚಟ್ನಿ ಎನ್ನುತ್ತಾರೆ. ತರಗತಿಯಲ್ಲಿ ಮೇಷ್ಟ್ರು ಆ ಬೀಜವನ್ನು ಅಂಗೈಯಲ್ಲಿ ಹಿಡಿದು ತೋರಿಸಿದಾಗ ಎಲ್ಲರಿಗಿಂತ ಮೊದಲು ಗುರುತಿಸಿದವನು ನಾನು. ಅದು ನಮ್ಮ ಹುಚ್ಚೆಳ್ಳು. ಪುಂಡಿಪಲ್ಯವೆಂದು ಬಡಿಸಿದ್ದು ನಮ್ಮ ಕಡೆ ತೆಲುಗಿನವರು ಗೋಂಗೂರ ಎನ್ನುವ ಸೊಪ್ಪೇ. ಹುಳಿಗೆ ಕಣ್ಣು ಮುಚ್ಚಿ ತಿಂದೆ. ಒಂದು ಸಂಜೆ ಮೆಸ್ಸಿನ ಮ್ಯಾನೇಜರು ಸಿಲಿಂಡರ್ ಬಂದಿಲ್ಲವೆಂದು ಕೂಗಾಡುವುದನ್ನು ಅವರದೇ ಕನ್ನಡದಲ್ಲಿ ಮಾಡಿದೆ. ವರಾಂಡಾ ತುಂಬಾ ನಗು. ಬಡಿಸುವ ಅಕ್ಕ ಮರುದಿನ ತಾಟಿಗೆ ಒಂದು ರೊಟ್ಟಿ ಹೆಚ್ಚು ಹಾಕಿ, "ಈಗ ಕನ್ನಡ ಬರ್ಲತ್ತದ ನೋಡು ಇವಗ" ಎಂದರು.

ಹಾಗೆಂದು ಅಲ್ಲೇ ಒಗ್ಗಿಕೊಂಡು ಕೂರಲಿಲ್ಲ. ಬೆಂಗಳೂರಿನ ಕಾಲೇಜಿನವರು ನನ್ನ ಸೀಟು ಇನ್ನೂ ಇಟ್ಟಿದ್ದರು. ಇಲ್ಲಿಯ ಆಫೀಸಿನಲ್ಲಿ ವಿಚಾರಿಸಿದರೆ, "ನಿಮ್ಮ ತಂದಿ ಬಂದು ಸಹಿ ಮಾಡ್ಲಿ, ಒರಿಜಿನಲ್ ಒಯ್ರಿ" ಎಂದರು. ಅಪ್ಪನಿಗೆ ಫೋನು ಮಾಡಿದೆ.

"ಬರ್ತೀನಿ ಕಣಪ್ಪ, ಡೈರಿ ಆಡಿಟ್ ಮುಗೀಲಿ."

ಮುಂದಿನ ಸಲವೂ ಆಡಿಟ್. ಅದರ ಮುಂದಿನ ಸಲ ಹಸುವಿಗೆ ಜ್ವರ. ಮಾತು ಕೊಟ್ಟ ಮನುಷ್ಯ ಮಾತು ಜಾರಿಸುವುದನ್ನು ಫೋನಿನಲ್ಲಿ ಕೇಳಿಸಿಕೊಳ್ಳುವುದಿದೆಯಲ್ಲ, ಅದು ಎರೆಮಣ್ಣಿಗಿಂತ ಭಾರ. ಫೋನಿಟ್ಟ ಮೇಲೆ ಗೋಡೆಗೆ ತಿರುಗಿ ಅದೇ ದನಿಯಲ್ಲಿ ಹೇಳಿಕೊಳ್ಳುತ್ತಿದ್ದೆ: "ಸೇರೋದು ಬಿಡೋದು ನಿನ್ನಿಷ್ಟ. ನಾನ್ ಅಡ್ಡ ಬರಲ್ಲ." ಶರಣು ಒಮ್ಮೆ ಕೇಳಿಸಿಕೊಂಡು, "ಇವರ್ಯಾರೋ?" ಎಂದ. "ನಮ್ಮಪ್ಪ" ಎಂದೆ. "ಭಾಳ ಛಲೋ ಮನುಷ್ಯಾ ಇದ್ದಂಗ ಕಾಣ್ತಾರ" ಎಂದ. ಅವನ ಮೇಲೂ ಸಿಟ್ಟು ಬಂತು.

ಗಣೇಶನ ಹಬ್ಬಕ್ಕೆ ರಜೆ ಸಿಕ್ಕಿತು. ಹಬ್ಬ ಮುಗಿದ ಮೇಲಿನ ಸೋಮವಾರವೇ ಬೆಂಗಳೂರಿನ ಸೀಟಿಗೆ ಕೊನೆಯ ದಿನ. ಅಪ್ಪನನ್ನು ಕೈಹಿಡಿದು ಎಳೆದುಕೊಂಡಾದರೂ ಬರುತ್ತೇನೆಂದು ರೈಲು ಹತ್ತಿದೆ. ಗೌರಿಬಿದನೂರಿನಲ್ಲಿ ಇಳಿದು ಮಂಚೇನಹಳ್ಳಿಗೆ ಬಸ್ಸು ಹಿಡಿದೆ. ನನ್ನ ಹಳೇ ಕಂಡಕ್ಟರೇ. "ಮಂಚೇನಹಳ್ಳಿ ಒಂದ್ ಕೊಡ್ರೀ" ಎಂದೆ. ಆತ ಟಿಕೆಟ್ ಹರಿಯುತ್ತ, "ಯಾವ್ ಕಡೆಯೋರಪ್ಪ ನೀವು?" ಎಂದ. ವರ್ಷಗಟ್ಟಲೆ ನಾನು ಬಾಯಲ್ಲಿ ಹೊತ್ತು ತಿರುಗಿದ ಮನುಷ್ಯ. ಹಾಸ್ಟೆಲಿನಲ್ಲಿ ನಾನು ಬೆಂಗಳೂರು ಕಡೆಯವನು, ಈ ಬಸ್ಸಿನಲ್ಲಿ ಕಲಬುರಗಿಯವನು. ನಾನು ಈ ಊರಿನವನೇ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಆತ ಹಿಂದಿನ ಸೀಟಿಗೆ ಹೋಗಿಯಾಗಿತ್ತು.

ಮನೆಯಲ್ಲಿ ಅಮ್ಮ ಒಬ್ಬರೇ ಕಡುಬಿಗೆ ಕಾಯಿ ತುರಿಯುತ್ತಿದ್ದರು. ಅಪ್ಪ ಸಂಜೆ ಹಾಲಿಗೆ ಹೋಗಿದ್ದರು. ಬ್ಯಾಗು ಇಳಿಸುವ ಮೊದಲೇ ಶುರುಮಾಡಿದೆ.

"ಸೋಮವಾರ ಕೊನೇ ದಿನ. ಅಪ್ಪ ಬಂದು ಒಂದ್ ಸೈನ್ ಹಾಕಿದ್ರೆ ಸಾಕು, ಒರಿಜಿನಲ್ ಕೊಡ್ತಾರೆ. ನೀನ್ ಹೇಳಮ್ಮ, ನಿನ್ ಮಾತಾದ್ರೆ ಕೇಳ್ತಾರೆ."

"ನಾನ್ ಹೇಳಲ್ಲ."

"ಮೋಸ ಮಾಡಿದ್ದು ಅವ್ರು! ಮಾತು ಕೊಟ್ಟು..."

"ಅವ್ರಲ್ಲ, ನಾನು." ತುರಿಯುವುದು ನಿಲ್ಲಲಿಲ್ಲ. "ಸೇರಿಸ್ಬಿಟ್ಟೇ ಬನ್ನಿ ಅಂತ ಕಳಿಸಿದ್ದು ನಾನು. ಹುಡುಗನಿಗೆ ಮಾತು ಕೊಟ್ಟಿದೀನಿ ಕಣೇ ಅಂತ ಮೂರ್ ದಿನ ಊಟ ಬಿಟ್ಟಿದ್ರು ಪಾಪ. ಆಡಿಟ್ಟು ಅಂತ ಹೇಳ್ಕೊಟ್ಟಿದ್ದೂ ನಾನೇ. ಅವರಿಗೆ ಸುಳ್ಳು ಹೇಳೋಕೂ ಬರಲ್ಲ, ಹಸೂಗ್ ಜ್ವರ ಅಂತೆ."

ಅಪ್ಪ ವಂಚಿಸಿದರೆ ಬಂದು ಹೇಳಿಕೊಳ್ಳಲು ಒಬ್ಬರಿದ್ದಾರೆಂದು ನಂಬಿ ಅಷ್ಟು ದೂರದಿಂದ ಬಂದಿದ್ದೆ.

"ನಿನ್ ಬಾಯೇ ಬಂಡವಾಳ ಅಂದೋಳು ನೀನೇ ಅಲ್ವಾ?" ನನ್ನ ದನಿ ಒಡೆದಿತ್ತು. "ನನ್ ಕಡೆ ಇದ್ದೋಳು ನೀನೊಬ್ಳೇ. ಯಾಕಮ್ಮ ಹಿಂಗ್ ಮಾಡ್ದೆ?"

ಅಮ್ಮ ತುರಿಮಣೆ ಪಕ್ಕಕ್ಕೆ ಸರಿಸಿ ಮೊದಲ ಸಲ ನನ್ನ ಮುಖ ನೋಡಿದರು.

"ಇಂಟರ್‌ವ್ಯೂ ದಿನ ಬೆಂಚಿನ್ ಮೇಲೆ ಎಲ್ರಿಗಿಂತ ಜೋರಾಗಿ ನಕ್ಕಿದ್ದು ನಿಮ್ಮಪ್ಪ ಕಣೋ, ಯಾರೋ ಬೇರೆಯೋರು ಅನ್ಕೊಂಡು. ಅವ್ರನ್ನ ಆಡ್ಕೊಂಡು ತಗೊಂಡ ಸೀಟಿಗೆ ಅವ್ರನ್ನೇ ಕರ್ಕೊಂಡ್ ಹೋಗಿ ಸೈನ್ ಹಾಕಿಸ್ತೀಯಾ?"