ಯಾರೂ ಮಲಗದ ಮಂಚ: ಹ್ಯಾರಿಯೆಟ್ ಲುಬಿನ್ ಅವರ ಒಂದು ಮೊಕದ್ದಮೆ

ನ್ಯೂಯಾರ್ಕಿನ ಬಾಡಿಗೆದಾರರ ಪರವಾಗಿ ಮೂವತ್ತೆಂಟು ವರ್ಷ ವಾದಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ಹ್ಯಾರಿಯೆಟ್ ಲುಬಿನ್ ಅವರ ಹೆಸರು ಕಾನೂನಿನ ಗ್ರಂಥಗಳಲ್ಲಿ ಹೆಚ್ಚಾಗಿ ಕಾಣಸಿಗದು. ಅವರಿಂದಾಗಿ ಮನೆ ಉಳಿಸಿಕೊಂಡವರ ಬಾಯಲ್ಲಿ ಅದು ಉಳಿದಿದೆ. ೧೯೭೧ರಲ್ಲಿ ಉಚಿತ ಕಾನೂನು ನೆರವಿನ ಕಚೇರಿಗೆ ಸೇರಿದ ಅವರು ಮೊದಲ ಹತ್ತು ವರ್ಷ ಉರಿಯದ ಬಾಯ್ಲರು, ಸೋರುವ ಕೊಳಾಯಿಗಳ ದಾವೆಗಳಲ್ಲೇ ಕಳೆದರು. ಆಮೇಲೆ ಏಡ್ಸ್ ಬಂತು. ಕಾಯಿಲೆಯವರು ಮುಟ್ಟಿದ ಪೆನ್ನನ್ನು ಕಾಗದದಲ್ಲಿ ಹಿಡಿದು ಎಸೆಯುತ್ತಿದ್ದ ಆ ದಿನಗಳಲ್ಲಿ ಲುಬಿನ್ ಅವರು ಅದೇ ಪೆನ್ನನ್ನು ಕೇಳಿ ಪಡೆದು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು.

೧೯೮೯ರ ಚಳಿಗಾಲದಲ್ಲಿ ವೆಂಡೆಲ್ ಪ್ರೈಸ್ ಬಂದರು. ಹದಿಮೂರು ವರ್ಷ ಅವರೊಡನೆ ಬಾಳಿದ ರೂಬೆನ್ ಅಯಾಲ ಏಡ್ಸ್‌ನಿಂದ ತೀರಿಕೊಂಡಿದ್ದರು. ಬಾಡಿಗೆ ಕರಾರು ರೂಬೆನ್ ಹೆಸರಿನಲ್ಲಿದ್ದುದರಿಂದ ಮಾಲೀಕ ಮನೆ ಖಾಲಿ ಮಾಡಿಸಲು ದಾವೆ ಹೂಡಿದ್ದ. ಸತ್ತ ಬಾಡಿಗೆದಾರನ ಕುಟುಂಬಕ್ಕೆ ಮಾತ್ರ ಅಲ್ಲಿ ಉಳಿಯುವ ಹಕ್ಕಿತ್ತು. ಇಬ್ಬರು ಗಂಡಸರೂ ಕುಟುಂಬವಾಗಬಲ್ಲರು, ಮದುವೆಯ ಕಾಗದಕ್ಕಿಂತ ಬಾಳಿದ ರೀತಿಯನ್ನು ನೋಡಬೇಕು ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಆ ಬೇಸಗೆಯಲ್ಲಷ್ಟೇ ಹೇಳಿತ್ತು. ಆದರೆ ಬಾಳಿದ್ದನ್ನು ಮುಚ್ಚಿಡುವುದರಲ್ಲೇ ಪಳಗಿದವರು ಪುರಾವೆ ತರುವುದೆಲ್ಲಿಂದ? ಇಂಥ ಜೋಡಿಗಳು ಪಕ್ಕದ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿ, ಬಂದವರಿಗೆ ಕಾಣಲೆಂದು ಬಾಗಿಲು ತೆರೆದಿಡುತ್ತಿದ್ದವು. ಕಟ್ಟಡದ ಉಸ್ತುವಾರಿ ನೋಡುತ್ತಿದ್ದ ಸ್ಟಾನ್ ಕೊವಾಲ್, ‘ಮನೆಯಲ್ಲಿ ಎರಡು ಮಂಚ ಇವೆ’ ಎಂದು ಮಾಲೀಕನ ಪರ ಹೇಳಿಕೆ ಬರೆದುಕೊಟ್ಟಿದ್ದ.

“ಯಾಕೆ ಬೇಕಿತ್ತು ಆ ಮಂಚ?”

“ರೂಬೆನ್ ಅಮ್ಮ ಈಸ್ಟರ್‌ಗೆ ಬರ್ತಿದ್ರು, ಮಿಸ್ ಲುಬಿನ್. ಅವರು ನಂಬಲಿ ಅಂತ ಹೇಳಿದ ಸುಳ್ಳು, ಈಗ ಕೋರ್ಟೂ ನಂಬೋ ಹಾಗಿದೆ,” ಎಂದು ವೆಂಡೆಲ್ ನಕ್ಕರು. ನಗು ಕೆಮ್ಮಾಯಿತು. ಅದು ಯಾವ ಕೆಮ್ಮೆಂದು ಇಬ್ಬರಿಗೂ ಗೊತ್ತಿತ್ತು. ಬೀದಿಗೆ ಬಿದ್ದರೆ ಅವರು ಆ ಚಳಿಗಾಲ ದಾಟುವಂತಿರಲಿಲ್ಲ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಸಾಕ್ಷಿಗೆ ಕೇಳಬಾರದೆಂದು ಕಿರಿಯರಿಗೆ ಕಲಿಸುತ್ತಿದ್ದ ಲುಬಿನ್ ಅವರಿಗೆ ವಿಚಾರಣೆಯ ದಿನ ಬೇರೆ ದಾರಿಯಿರಲಿಲ್ಲ. ಕೊವಾಲ್‌ನನ್ನು ಕೇಳಿದರು: “ಆ ಇನ್ನೊಂದು ಮಂಚದಲ್ಲಿ ಯಾರಾದ್ರೂ ಮಲಗಿದ್ದು ನೋಡಿದ್ದೀರಾ?”

“ಮಲಗೋದಾ?” ಕೊವಾಲ್ ಹುಬ್ಬೇರಿಸಿದ. “ಚಾದರದಲ್ಲಿ ಅಂಗಡಿಯಲ್ಲಿ ಮಡಿಸಿದ ಗೆರೆ ಹಾಗೇ ಇತ್ತು. ನಾನು ಕೆಲಸಕ್ಕೆ ಬಂದ ಒಂಬತ್ತು ವರ್ಷವೂ ಅದೇ ಗೆರೆ. ರಿಪೇರಿಗೆ ಹೋದಾಗೆಲ್ಲ ಅದರ ಮೇಲೇ ನನ್ನ ಸ್ಪ್ಯಾನರ್ ಪೆಟ್ಟಿಗೆ ಇಡ್ತಿದ್ದೆ.”

“ಮತ್ತೆ ಹೇಳಿಕೆಯಲ್ಲಿ ಎರಡು ಮಂಚ ಅಂತ?”

“ಎಷ್ಟು ಮಂಚ ಅಂತ ಕೇಳಿದ್ರು, ಎರಡು ಅಂದೆ. ನಾನೇನು ಕುರುಡನಾ, ಮೇಡಂ? ಕಸ ಯಾರು ಕೆಳಗೆ ಒಯ್ಯಬೇಕು ಅಂತ ನಾನೂ ನನ್ನ ಹೆಂಡ್ತಿ ಆಡೋ ಥರಾನೇ ಜಗಳ ಆಡ್ತಿದ್ರು.”

ತೀರ್ಪಿಗೆ ಹತ್ತೊಂಬತ್ತು ದಿನ ಕಾಯಬೇಕಾಯಿತು. ವೆಂಡೆಲ್ ದಿನವೂ ಫೋನ್ ಮಾಡಿ “ಬಂತಾ?” ಎನ್ನುತ್ತಿದ್ದರು, ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಕೊನೆಗೆ ತೀರ್ಪು ಬಂದ ದಿನ ಲುಬಿನ್ ಅವರು ಅದನ್ನು ತಾವೇ ಒಯ್ದು ಕೊಟ್ಟರು. ‘ಕುಟುಂಬ’ ಎಂಬ ಪದವಿದ್ದ ಸಾಲನ್ನು ವೆಂಡೆಲ್ ಬಾಗಿಲಲ್ಲೇ ನಿಂತು ಎರಡು ಸಲ ಓದಿದರು.

“ಹಾಗಾದ್ರೆ ಟಪಾಲು ಡಬ್ಬದ ಮೇಲೆ ರೂಬೆನ್ ಹೆಸರು ಹಾಗೇ ಇರಲಾ?”

“ಇರಲಿ. ಪಕ್ಕದಲ್ಲಿ ನಿಮ್ಮದೂ ಬರೀರಿ.”

ಮೇ ತಿಂಗಳಲ್ಲಿ ವೆಂಡೆಲ್ ಅದೇ ಮನೆಯಲ್ಲಿ ತೀರಿಕೊಂಡರು. ಕೊನೆಯ ವಾರಗಳಲ್ಲಿ ಲುಬಿನ್ ಅವರು ಭಾನುವಾರವೂ ತಪ್ಪದೆ ಹೋಗುತ್ತಿದ್ದರು; ಆ ಮನೆಯ ಕಡತವನ್ನು ಅವರು ಮುಚ್ಚಿದ್ದು ಆಮೇಲೆಯೇ.

ಇಂದಿಗೂ ಯಾವ ತೀರ್ಪಿನ ಲಕೋಟೆಯನ್ನೂ ಅವರು ಕುಳಿತು ಒಡೆಯಲಾರರು; ಅಂದು ವೆಂಡೆಲ್ ಓದಿದಂತೆ ನಿಂತೇ ಓದುತ್ತಾರೆ. ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬರುವುದಾಗಿ ಹೇಳಿದ್ದಾರೆ. ಅವರಿಗೆ ಆಯುರಾರೋಗ್ಯಗಳು ಲಭಿಸಲಿ. ಅವರ ಮೇಜು ಖಾಲಿ ಮಾಡಿಸುವ ಧೈರ್ಯ ಕಚೇರಿಯಲ್ಲಿ ಯಾರಿಗೂ ಬಾರದಿರಲಿ.