ಯೋಗ ಕ್ಲಾಸಿಗೆ ರೊಟ್ಟಿ ತಿಂದು ಹೋದೆ

ಇವತ್ತು ಹೊಸಮನೆ ಬಡಾವಣೆಯ ಯೋಗ ಕ್ಲಾಸಿನಲ್ಲಿ ಮುಂದಕ್ಕೆ ಬಾಗಿ ಕಾಲು ಮುಟ್ಟಲು ಹೋದವಳಿಗೆ ಕಣ್ಣು ಕತ್ತಲೆ ಬಂತು ಕಣ್ರೀ. ಹೊಟ್ಟೆ ತೊಳೆಸಿ, ಬೆವರಿ, ಚಾಪೆಯ ಮೇಲೆ ಕೂತುಬಿಟ್ಟೆ. ಹಾರ್ಟೇ ಇರಬೇಕು ಎಂದು ಎದೆ ಹಿಡಿದುಕೊಂಡೆ.

ಯೋಗ ಹೇಳಿಕೊಡುವ ಹುಡುಗಿ ಓಡಿ ಬಂದಳು. "ಆಂಟಿ, ಏನಾದ್ರೂ ತಿಂದ್ಕೊಂಡು ಬಂದ್ರಾ?"

"ಎರಡೇ ಅಕ್ಕಿರೊಟ್ಟಿ, ಮೇಡಂ."

"ಖಾಲಿ ಹೊಟ್ಟೇಲಿ ಬನ್ನಿ ಅಂತ ನಿನ್ನೇನೇ ಹೇಳಿದ್ನಲ್ಲ!"

ಪಕ್ಕದ ಚಾಪೆಯ ಸರೋಜಕ್ಕ ಮಲಗಿದ್ದಲ್ಲಿಂದಲೇ ಕೇಳಿದರು. "ಚಟ್ನಿ ಯಾವ್ದು ಮಾರಾಯ್ತಿ?"

ಹುಡುಗಿ ನಿನ್ನೆ ಹೇಳಿದ್ದು ನೆನಪಿತ್ತು. ಆದರೆ ಜನ್ನಾಪುರದಲ್ಲಿ ನಾನು ಶಾಲೆಗೆ ಹೋಗುತ್ತಿದ್ದಾಗ, ರೊಟ್ಟಿ ಮುಗಿಸುವ ತನಕ ಅಮ್ಮ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ಹಸಿದವಳ ತಲೆಗೆ ಪಾಠ ಹತ್ತುವುದಿಲ್ಲ ಎನ್ನುತ್ತಿದ್ದಳು. ಕ್ಲಾಸಿಗೆ ಹೊರಟೆ ಎಂದರೆ ಈಗಲೂ ಕೈ ತಾನಾಗಿ ರೊಟ್ಟಿ ತಟ್ಟುತ್ತದೆ.

"ಇವತ್ತು ಮನೆಗೆ ಹೋಗಿ ಆಂಟಿ" ಎಂದಳು ಹುಡುಗಿ. ಆಗ ನಿಜವಾಗಿ ಹೆದರಿದೆ. ಆರನೇ ಕ್ಲಾಸಿನಲ್ಲಿ ಜ್ವರ ಬಂದಾಗ ಟೀಚರ್ ಹೀಗೇ ಮನೆಗೆ ಕಳಿಸಿದ್ದರು. ಜ್ವರ ಬಿಟ್ಟಿತು, ಆದರೆ ತಮ್ಮನನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿದೆ. ಮತ್ತೆ ಶಾಲೆಯ ಕಡೆ ಹೋಗಲೇ ಇಲ್ಲ.

"ಕೊನೇ ಸಾಲಲ್ಲಿ ಸುಮ್ನೆ ಕೂತಿರ್ತೀನಿ ಮೇಡಂ, ಕಳಿಸ್ಬೇಡಿ" ಎಂದೆ.

ಅವಳು ನನ್ನ ಮುಖ ನೋಡಿ, ತಾನೇ ಚಾಪೆ ಎಳೆದು ಗೋಡೆ ಪಕ್ಕ ಹಾಕಿಕೊಟ್ಟಳು. "ಕೂತ್ಕೊಳ್ಳಿ. ನಾಳೆ ಮಾತ್ರ ಖಾಲಿ ಹೊಟ್ಟೇಲೇ ಬರ್ಬೇಕು."

ನಾಳೆ ಬನ್ನಿ ಎಂದಳಲ್ಲ, ನನಗಷ್ಟೇ ಸಾಕಿತ್ತು. ಆದರೂ ಗೆಳತಿಯರೇ, ಹಸಿದು ಹೋಗಿ ತಲೆ ಸುತ್ತಿ ಬಿದ್ದರೆ ಏನು ಗತಿ ಎಂಬ ಚಿಂತೆ ಈಗಲೇ ಹಿಡಿದಿದೆ.