ಗೋವಿಂದಣ್ಣ ಲಾರಿಗೆ ಎಣ್ಣೆ ಹಚ್ಚಿದ್ದು

ಪೈಲ್ವಾನ್ ಗೋವಿಂದಣ್ಣನ ಕಿವಿಗಳು ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಮುದುಡಿಕೊಂಡಿದ್ದವು. ಗರಡಿಯಲ್ಲಿ ಎದುರಾಳಿಗಳ ತೋಳಿಗೆ ಸಿಕ್ಕಿ ಸಿಕ್ಕಿ ಹಾಗಾದದ್ದಂತೆ. ಅವನು ಪ್ರೀತಿ ಬಂದರೂ ಹೊಡೆಯುತ್ತಿದ್ದ, ಸಿಟ್ಟು ಬಂದರೂ ಹೊಡೆಯುತ್ತಿದ್ದ. ಬಿದ್ದದ್ದು ಯಾವುದೆಂದು ಬೆನ್ನಿಗೆ ತಿಳಿಯುವಷ್ಟರಲ್ಲಿ ಮುಂದೆ ಹೋಗಿರುತ್ತಿದ್ದ. ನನಗೆ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತೆಂದು ಸಂತೋಷಪಟ್ಟು ಅವನು ಕೊಟ್ಟ ಒಂದು ಏಟಿಗೆ ನನ್ನ ಬಾಯೊಳಗಿನ ಕಾಫಿ ಎದುರು ಗೋಡೆಗೆ ಹೋಗಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹನುಮಂತನಗರದ ಇಳಿಜಾರು ಬೀದಿಯೊಂದರಲ್ಲಿ ನಮ್ಮದೂ ಅವನದೂ ಅಕ್ಕಪಕ್ಕದ ಮನೆ. ಕುಸ್ತಿ ಬಿಟ್ಟ ಮೇಲೆ ಹಳೆಯ ಲಾರಿಯೊಂದನ್ನು ಕೊಂಡು ಮರಳು, ಇಟ್ಟಿಗೆ ಹೊಡೆಯುತ್ತಿದ್ದ. ಮಕ್ಕಳಿಲ್ಲದ ಅವನು ಲಾರಿಯನ್ನೇ ‘ನನ್ಮಗ’ ಎನ್ನುತ್ತಿದ್ದ. ಅದು ಸ್ಟಾರ್ಟ್ ಆಗದಿದ್ದರೆ ಬಾನೆಟ್ಟಿಗೆ ಗುದ್ದುವನು. ಆಮೇಲೆ ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಗುದ್ದಿದ ಜಾಗವನ್ನು ಸವರುವನು.

ಅವನಿಗೆ ತಿರುಗಿ ಹೊಡೆಯುವ ಧೈರ್ಯ ಇದ್ದದ್ದು ಒಬ್ಬನಿಗೆ ಮಾತ್ರ, ಚಾಮರಾಜಪೇಟೆಯ ಮೆಕ್ಯಾನಿಕ್ ದಸ್ತಗೀರನಿಗೆ. ಇಬ್ಬರೂ ಒಂದೇ ಗರಡಿಯ ಮಣ್ಣು ಹೊತ್ತವರು. ಆ ವರ್ಷ ದಸರೆಗೆ ಮುಂಚೆ ದಸ್ತಗೀರ್ ಲಾರಿಗೆ ಹೊಸ ಬ್ರೇಕ್ ಪೈಪು ಹಾಕಿಕೊಟ್ಟ. “ಹಬ್ಬದೊಳಗೆ ತಂದ್ಬಿಡು, ಚಕ್ರ ಬಿಚ್ಚಿ ಲೈನರ್ ನೋಡ್ತೀನಿ” ಎಂದ.

“ನನ್ಮಗಂಗೆ ನಾನೇ ಸ್ನಾನ ಮಾಡಿಸ್ತೀನಿ. ಮುಟ್ಟಕ್ಕೆ ನೀನ್ಯಾವನೋ?”

“ಮಾಡ್ಸಪ್ಪಾ. ಆಮೇಲೆ ನನ್ನತ್ರ ಅಳ್ತಾ ಬರ್ಬೇಡ.”

ಆಯುಧಪೂಜೆಯ ಹಿಂದಿನ ದಿನ ಗೋವಿಂದಣ್ಣ ಚಕ್ರಗಳ ಪಕ್ಕಕ್ಕೆ ಕಲ್ಲು ಕೊಟ್ಟು, ಒಂದೊಂದನ್ನೇ ತಾನೇ ಬಿಚ್ಚಿದ. ಒಳಗಿನ ಡ್ರಮ್ಮು, ಬ್ರೇಕ್ ತುಳಿದಾಗ ಅದನ್ನು ಕಚ್ಚಿ ಹಿಡಿಯುವ ಲೈನರ್ ಪಟ್ಟಿ, ನಟ್ಟು, ಬೋಲ್ಟು, ಎಲ್ಲವನ್ನೂ ಉಜ್ಜಿದ. ಕೊನೆಗೆ ಹರಳೆಣ್ಣೆಯ ಡಬ್ಬಿ ತಂದು, ಕೂಸಿಗೆ ಹಚ್ಚುವಂತೆ ಎಲ್ಲಕ್ಕೂ ಹಚ್ಚಿದ.

“ಅದಕ್ಕೂ ಎಣ್ಣೇನಾ?” ಎಂದಳು ಹೆಂಡತಿ ಜಯಕ್ಕ.

“ಎಣ್ಣೆ ಕುಡಿದ ಮೈ ಆಗ್ಲಿ, ಕಬ್ಬಿಣ ಆಗ್ಲಿ, ಯಾವತ್ತೂ ಮೋಸ ಮಾಡಲ್ಲ ಕಣೇ.”

ಮರುದಿನ ಬಾಳೆಕಂದು, ಚೆಂಡುಹೂವು, ಕುಂಕುಮದ ನಡುವೆ ಲಾರಿ ಮದುಮಗನ ಹಾಗಿತ್ತು. ಬೂದುಗುಂಬಳಕಾಯಿ ಒಡೆದು, ಚಕ್ರದಡಿಗೆ ನಿಂಬೆಹಣ್ಣು ಇಟ್ಟು ಕಲ್ಲು ತೆಗೆದರು. ಒಂದು ಸುತ್ತು ಹೋಗಿ ಬಂದ ಮೇಲೆ ಬೀದಿಯ ಹೆಂಗಸರು ಮಕ್ಕಳನ್ನೆಲ್ಲ ಹಿಂದೆ ಹತ್ತಿಸಿಕೊಳ್ಳುವ ಏರ್ಪಾಡು. ಆ ಮೊದಲ ಸುತ್ತಿಗೆ ಅವನ ಪಕ್ಕ ಕೂತವನು ನಾನು.

ನಿಂಬೆಹಣ್ಣು ಚಟ್ಟೆಂದಿತು. ಲಾರಿ ಇಳಿಯತೊಡಗಿತು, ಇಳಿಯುತ್ತಲೇ ಹೋಯಿತು. ಗೋವಿಂದಣ್ಣ ಬ್ರೇಕಿನ ಮೇಲೆ ಎದ್ದು ನಿಂತುಬಿಟ್ಟಿದ್ದ. ಹ್ಯಾಂಡ್ ಬ್ರೇಕನ್ನು ಎರಡೂ ಕೈಯಲ್ಲಿ ಎಳೆದ. ಗೇರು ಹಲ್ಲು ಕಡಿದಂತೆ ಕಿರುಚಿತು. ಬೀದಿಯ ಕೊನೆಯಲ್ಲಿ ಹೂವಿನವರ ಬುಟ್ಟಿಗಳು, ಬಗ್ಗಿ ಚೌಕಾಸಿ ಮಾಡುತ್ತಿದ್ದ ಜನರ ಬೆನ್ನುಗಳು. “ತಲೆ ಬಗ್ಸೋ!” ಎಂದು ಕೂಗಿ, ಅವನು ತನ್ನ ಮಗನನ್ನು ತಾನೇ ಖಾಲಿ ಸೈಟೊಂದರ ಕಲ್ಲಿನ ಗೋಡೆಗೆ ನುಗ್ಗಿಸಿದ.

ಗೋಡೆ ಬಿತ್ತು. ಗಾಜು ನಮ್ಮಿಬ್ಬರ ಮೇಲೂ ಸುರಿಯಿತು. ನನ್ನ ಮುಂದಿನ ಹಲ್ಲೊಂದು ಹೋಯಿತು. ಗೋವಿಂದಣ್ಣನ ಹಣೆ ಸೀಳಿ ರಕ್ತ ಕುಂಕುಮದ ಜೊತೆಗೇ ಇಳಿಯುತ್ತಿತ್ತು. ನಜ್ಜುಗುಜ್ಜಾದ ಬಾನೆಟ್ಟನ್ನು ಒಮ್ಮೆ ಮುಟ್ಟಿ, ಸೀಟಿನಡಿಯ ಜಾಕಿಯ ರಾಡು ಎಳೆದುಕೊಂಡು ಅವನು ಚಾಮರಾಜಪೇಟೆಯ ಕಡೆಗೆ ನಡೆದ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಾನೂ ಹಿಂದೆಯೇ ಓಡಿದೆ.

ದಸ್ತಗೀರ್ ಶೆಡ್ಡಿನ ಮುಂದೆ ಚಹಾ ಕುಡಿಯುತ್ತಿದ್ದ. ಮಾತಿಲ್ಲ ಕತೆಯಿಲ್ಲ, ಮೊದಲ ಏಟಿಗೇ ಲೋಟ ಹಾರಿತು. ಎರಡನೆಯದನ್ನು ತಡೆಯಲು ಅವನು ಅಡ್ಡ ಕೊಟ್ಟ ಬಲಗೈ ಮಣಿಕಟ್ಟು ಒಣ ಸೌದೆಯ ಹಾಗೆ ಲಟಕ್ಕೆಂದಿತು. ಗೋವಿಂದಣ್ಣ ಅವನನ್ನು ಕೆಡವಿ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ. “ಎಂಥಾ ಪೈಪು ಹಾಕ್ದೆಯೋ ಬೋಳೀಮಗನೇ! ಆ ಹೂವಿನೋರೆಲ್ಲ ಸಾಯ್ತಿದ್ರು!”

ನಾಲ್ಕು ಜನ ಎಳೆದರೂ ಅವನು ಜಗ್ಗಲಿಲ್ಲ. ಕೆಳಗಿದ್ದ ದಸ್ತಗೀರ್ ರಕ್ತ ಉಗಿದು ಕೇಳಿದ: “ಪೆಡಲು ಕಾಲಿಗೆ ಹೆಂಗೆ ಸಿಕ್ತು? ಹತ್ತಿ ಹಂಗೆ ಕುಸೀತಾ, ಕಲ್ಲಿನ ಹಂಗೆ ನಿಂತ್ಕೊಳ್ತಾ?”

ಎತ್ತಿದ ಮುಷ್ಟಿ ಎತ್ತಿದಲ್ಲೇ ನಿಂತಿತು. “...ಕಲ್ಲಿನ ಹಂಗೆ.”

“ಪೈಪು ಹೋಗಿದ್ರೆ ಪೆಡಲು ಕುಸೀಬೇಕಿತ್ತು. ಪೈಪು ಸರಿ ಐತೆ. ಒಳಗೆ ಹಿಡಿಯೋದು ಹಿಡೀತಿಲ್ಲ. ಏನ್ ಹಚ್ಚಿದ್ಯೋ ಅದಕ್ಕೆ?”

ಗೋವಿಂದಣ್ಣ ಎತ್ತಿದ ಮುಷ್ಟಿ ಬಿಚ್ಚಿ ಅಂಗೈ ನೋಡಿಕೊಂಡ. ನಾನೇ ಹೇಳಿದೆ, “ಹರಳೆಣ್ಣೆ.”

ಆ ಸ್ಥಿತಿಯಲ್ಲೂ ದಸ್ತಗೀರ್ ನಕ್ಕ. “ಥೂ ಪೈಲ್ವಾನ! ಗರಡೀಲಿ ಎಣ್ಣೆ ಮೈಯವನ್ನ ಹಿಡಿಯಕ್ಕೆ ಮುಂಚೆ ಏನ್ ಮಾಡ್ತಿದ್ವಿ?”

“ಮಣ್ಣು ಎರಚ್ತಿದ್ವಿ.”

“ಯಾಕೆ?”

“ಜಾರ್ತಾನೆ ಅಂತ” ಎಂದವನೇ ಗೋವಿಂದಣ್ಣ ಎದೆಯ ಮೇಲಿಂದ ಇಳಿದ. ರಾಡನ್ನು ಅವನ ಎಡಗೈಗೆ ಕೊಟ್ಟು, ತನ್ನ ಬಲಗೈಯನ್ನು ಚಪ್ಪಡಿಯ ಮೇಲೆ ಚಾಚಿದ. “ಮುರಿ.”

ದಸ್ತಗೀರ್ ರಾಡು ಬಿಸಾಕಿದ. “ಅದನ್ನೂ ಮುರಿದ್ರೆ ನನ್ನ ಕೆಲಸ ನಿಮ್ಮಪ್ಪ ಮಾಡ್ತಾನಾ? ನಾಳೆ ಬೆಳಿಗ್ಗೆ ಬಾ.”

ಹಾಗೆ ಆ ಕೈ ಕೂಡುವವರೆಗೂ ದಸ್ತಗೀರನ ಶೆಡ್ಡಿನಲ್ಲಿ ಗೋವಿಂದಣ್ಣನೇ ಅವನ ಬಲಗೈಯಾದ. ತಪ್ಪು ನಟ್ಟಿಗೆ ಕೈ ಹಾಕಿದರೆ ದಸ್ತಗೀರ್ ಎಡಗೈಯಲ್ಲಿ ಚಪ್ಪಲಿ ಎಸೆಯುತ್ತಿದ್ದ. ಗೋವಿಂದಣ್ಣ ಅದನ್ನು ಎತ್ತಿ ತಂದು ಅವನ ಕಾಲ ಬಳಿ ಇಡುತ್ತಿದ್ದ. ಕೈ ಕೂಡಿತು, ಆದರೆ ಸೊಟ್ಟ. ಆ ದೀಪಾವಳಿಗೆ ಜಯಕ್ಕ ಎಣ್ಣೆ ಬಟ್ಟಲು ಹಿಡಿದು ಗೋಗರೆದರೂ ಗೋವಿಂದಣ್ಣ ನೆತ್ತಿ ಒಡ್ಡಲಿಲ್ಲ. ಮುಂದೆ ಯಾವ ದೀಪಾವಳಿಗೂ ಒಡ್ಡಲಿಲ್ಲ.

ಎಂಬತ್ತರ ದಶಕದ ನಡುವೆ ಅವನು ಹೋದ. ಎದೆ ನೋವು ಬಂದಾಗ ಲಾರಿಯನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟಿದ್ದನಂತೆ.

ಮನೆಯ ಮುಂದೆ ಮಲಗಿಸಿದ್ದರು. ಊರಿಂದ ಬಂದ ನೆಂಟರು ಪದ್ಧತಿಯಂತೆ ತಲೆಗೂ ಎದೆಗೂ ಎಣ್ಣೆ ಹಚ್ಚಿಯಾಗಿತ್ತು. ದಸ್ತಗೀರ್ ಗರಡಿಯ ಕೆಂಪು ಮಣ್ಣನ್ನು ಟವೆಲ್ಲಿನಲ್ಲಿ ಕಟ್ಟಿಕೊಂಡು ಬಂದ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಆ ಸೊಟ್ಟ ಕೈಯಿಂದ ಹಿಡಿ ಮಣ್ಣು ತೆಗೆದು ಗೆಳೆಯನ ಭುಜಕ್ಕೆ, ತೋಳಿಗೆ ತಿಕ್ಕಿದ. ಜಯಕ್ಕ ತಡೆಯಲಿಲ್ಲ. ಮಣ್ಣು ಮುಗಿದರೂ ಅವನು ತಿಕ್ಕುತ್ತಲೇ ಇದ್ದ. ಕೊನೆಗೆ ನನ್ನ ಕಡೆ ತಿರುಗಿದ.

“ಎಣ್ಣೆ ಹಚ್ಚಿಬಿಟ್ಟವ್ರೆ ನೋಡಪ್ಪ, ಬೋಳೀಮಗಂಗೆ. ಎಲ್ಲಿ ಹಿಡಿದು ನಿಲ್ಲಿಸ್ಲಿ?”